ಪಾತ್ರೆಯ ಮೇಲಿದ್ದ ಹೆಸರು

ನಮ್ಮ ಕಡೆ ಐವತ್ತು ದಾಟಿದ ಯಾರನ್ನೇ ಮಾತಾಡಿಸಿ, ಸ್ವಲ್ಪ ಹೊತ್ತಿಗೆ ಒಂದು ಮಾತು ಬಂದೇ ಬರುತ್ತದೆ: "ನನ್ನ ಕತೆ ಬರದ್ರೆ ದೊಡ್ಡ ಪುಸ್ತಕ ಆಯ್ತದೆ ಕಣ್ರೀ." ಕಾಯಿ ಸುಲಿಯುವವರು, ಬಸ್ಸಿನ ಕಂಡಕ್ಟರು, ನಮ್ಮ ಶಾಲೆಯ ಹೆಡ್‌ಮಾಸ್ಟರು, ಎಲ್ಲರ ಎದೆಯೊಳಗೂ ಒಂದೊಂದು ದೊಡ್ಡ ಪುಸ್ತಕ ಇದೆ. ಈ ಮಾತನ್ನು ನಾನು ನಂಬಿ ಕೆಟ್ಟೆ. ನಾನು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಪುಸ್ತಕ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮೇಷ್ಟ್ರುಗಳಿಗೆ ಬುದ್ಧಿ ಸ್ವಲ್ಪ ಮಂಕಾಗುತ್ತದೆ. ಇದು ನಮ್ಮ ವೃತ್ತಿಯ ಕಾಯಿಲೆ, ಸೀಮೆಸುಣ್ಣದ ಕೆಮ್ಮಿನ ಹಾಗೆ.

ಅಪ್ಪ ತೀರಿಕೊಂಡ ವರ್ಷ ಈ ಕಾಯಿಲೆ ಉಲ್ಬಣಿಸಿತು. ತೊಂಬತ್ತರ ದಶಕದ ಕೊನೆಯ ಮಾತು. ಕಾರ್ಯವೆಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ ಒಂದು ದಿನ ನನ್ನ ಹೆಂಡತಿ ಶಾರದ, "ಮಾವನೋರು ಬೆಳಿಗ್ಗೆ ಎದ್ದು ಕೆಮ್ಮೋದು ಕೇಳ್ದೆ ಮನೆ ಬಿಕೋ ಅನ್ನುತ್ತೆ ಕಣ್ರೀ" ಎಂದಳು. ಆಗ ನನಗೆ ಹೊಳೆಯಿತು. ಅಪ್ಪನ ಫೋಟೊ ಇತ್ತು, ರುಮಾಲು ಇತ್ತು, ಅವರು ತೋಟಕ್ಕೆ ಹಿಡಿದು ಹೋಗುತ್ತಿದ್ದ ಛತ್ರಿ ಇತ್ತು. ಅವರ ದನಿ ಮಾತ್ರ ಎಲ್ಲಿಯೂ ಇರಲಿಲ್ಲ. ಮುಂದಿನ ವಾರವೇ ತಿಪಟೂರಿಗೆ ಹೋಗಿ ಒಂದು ಟೇಪ್‌ ರೆಕಾರ್ಡರು, ಒಂದು ಡಜನ್ ಖಾಲಿ ಕ್ಯಾಸೆಟ್ಟು ತಂದೆ. ಉಳಿದಿರುವವರ ದನಿಯನ್ನಾದರೂ ಹಿಡಿದಿಡಬೇಕು, ಮನೆಯವರದ್ದು, ನೆರೆಹೊರೆಯವರದ್ದು, ಎಲ್ಲರ ಬದುಕಿನ ಕತೆಯನ್ನು ಅವರ ಬಾಯಲ್ಲೇ ಹೇಳಿಸಬೇಕು ಎಂಬುದು ನನ್ನ ಸಂಕಲ್ಪ. ಒಂದು ನೋಟ್‌ಬುಕ್ಕಿಗೆ ಮಾರ್ಜಿನ್ನು ಹಾಕಿ ನಲವತ್ತು ಪ್ರಶ್ನೆ ಬರೆದೆ. ಪ್ರಶ್ನೆಗಳನ್ನು ಓದಿದ ಶಾರದ, "ಎಷ್ಟೆಷ್ಟು ಮಾರ್ಕ್ಸು ಅಂತಾನೂ ಬರೀರಿ" ಎಂದು ಹೇಳಿ ಒಳಗೆ ಹೋದಳು.

ಮೊದಲು ಸಿಕ್ಕಿದವನು ಪಕ್ಕದ ಮನೆಯ ಬಸಣ್ಣ. ನೊಣವಿನಕೆರೆಯಲ್ಲಿ ಬಸಣ್ಣನಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ನಮ್ಮ ಜಗಲಿಯ ಮೇಲೆ ಕೂತನೆಂದರೆ ಕಾಫಿ ಎರಡು ಸಲ ಆರಿಹೋಗುತ್ತದೆ. ರೆಕಾರ್ಡಿಂಗ್ ಎಂದು ತಿಳಿದು ಅವನು ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. "ರೇಡಿಯೋದಲ್ಲಿ ಬತ್ತದಾ ಮೇಷ್ಟ್ರೇ?" ಎಂದು ಕೇಳಿದ. ಇಲ್ಲ ಎಂದಾಗ ಅರ್ಧ ಉತ್ಸಾಹ ಇಳಿಯಿತು. ಗುಂಡಿ ಒತ್ತಿದಾಗ ಉಳಿದರ್ಧವೂ ಇಳಿಯಿತು. ಬಸಣ್ಣ ಬೆನ್ನು ನೆಟ್ಟಗೆ ಮಾಡಿ, ಟೇಪ್‌ ರೆಕಾರ್ಡರನ್ನು ಸಾಹೇಬರನ್ನು ನೋಡಿದಂತೆ ನೋಡುತ್ತಾ, "ನಾನು ಬಸಪ್ಪ. ಹುಟ್ಟಿದ್ದು ಇದೇ ಊರು. ಮದುವೆ ಆಯಿತು. ಮೂರು ಮಕ್ಕಳು. ತೋಟ ಮಾಡಿದೆನು. ಇಲ್ಲಿಗೆ ಮುಗಿಯಿತು, ನಮಸ್ಕಾರ" ಎಂದ. ದೊಡ್ಡ ಪುಸ್ತಕ ಒಂದು ನಿಮಿಷದೊಳಗೆ ಮುಗಿದಿತ್ತು. ಹಿನ್ನೆಲೆಯಲ್ಲಿ ನಮ್ಮ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟಿದ್ದ ಕಾಯನ್ನು ಇಲಿಯೊಂದು ಉರುಳಿಸುವ ಸದ್ದು ಅವನ ಮಾತಿಗಿಂತ ಸ್ಪಷ್ಟವಾಗಿ ದಾಖಲಾಗಿತ್ತು.

ನಾನು ಟೇಪು ಆರಿಸಿದೆ. ಬಸಣ್ಣ ಉಸ್ಸೆಂದು ಗೋಡೆಗೆ ಒರಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡ. "ಈಗ ಕೇಳಿ ಮೇಷ್ಟ್ರೇ" ಎಂದು ಶುರು ಮಾಡಿದ. ಅವನ ತಮ್ಮ ಬಾವಿಯ ಹೂಳು ತೆಗೆಯಲು ಇಳಿದಿದ್ದ, ಬಾವಿಯ ಗೋಡೆ ಕುಸಿಯಿತು, ಮೇಲೆ ನಿಂತು ಹಗ್ಗ ಹಿಡಿದಿದ್ದವನು ಬಸಣ್ಣನೇ. "ಎಳದೆ ಮೇಷ್ಟ್ರೇ. ಹಗ್ಗ ಹಗುರಾಗಿ ಬಂದ್ಬುಡ್ತು. ಅಷ್ಟು ಹಗುರ ಯಾವತ್ತೂ ಬಂದಿರ್ಲಿಲ್ಲ." ಮೂವತ್ತು ವರ್ಷ ಅವನ ಮಾತು ಕೇಳಿದ್ದೆ, ಇದೊಂದನ್ನು ಕೇಳಿರಲಿಲ್ಲ. ನನ್ನ ಕೈ ತಾನಾಗಿ ಟೇಪಿನ ಕಡೆ ಹೋಯಿತು. ಬಸಣ್ಣ ಅದನ್ನು ಕಂಡು, "ಇದನ್ನ ಆ ಪೆಟ್ಟಿಗೆಗೆ ಹಾಕ್ಬ್ಯಾಡಿ" ಎಂದ. ಬರೆದುಕೊಳ್ಳಲೇ ಎಂದು ಕೇಳಿದೆ. "ಬರ್ಕೊಳಿ. ನೀವು ಬರದ್ರೆ ಯಾರು ಓದ್ತಾರೆ ಬುಡಿ" ಎಂದು ಒಪ್ಪಿಗೆ ಕೊಟ್ಟ. ಸಾಹಿತಿಯಾಗಿ ನನ್ನ ಮೇಲೆ ಬಂದ ಮೊದಲ ವಿಮರ್ಶೆ ಅದು.

ಹೀಗೆ ಪೆಟ್ಟು ತಿಂದ ಮೇಲೆ ಅನ್ಯರ ಸಹವಾಸ ಬೇಡ, ಮನೆಯಿಂದಲೇ ಶುರು ಮಾಡೋಣ ಎಂದು ಅವ್ವನ ಹತ್ತಿರ ಬಂದೆ. ಅವ್ವನ ಕತೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಾರದು ಎಂಬ ಧೈರ್ಯ. ಒಂದು ಭಾನುವಾರ ಊಟವಾದ ಮೇಲೆ ನಡುಮನೆಯಲ್ಲಿ ಅವ್ವ ಹತ್ತಿ ಬಿಡಿಸಿ ದೀಪದ ಬತ್ತಿ ಹೊಸೆಯುತ್ತಾ ಕೂತಿದ್ದಳು. ನಾನು ಎದುರಿಗೆ ಚಾಪೆ ಹಾಕಿ, ಟೇಪನ್ನು ಮಣೆಯ ಮೇಲಿಟ್ಟು, ನೋಟ್‌ಬುಕ್ಕು ತೆರೆದು, ಕ್ರಮ ತಪ್ಪಬಾರದೆಂದು ಮೊದಲ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮ ಹೆಸರು?"

"ಅದೇನ್ಲಾ ನಿಮ್ಮ ಗಿಮ್ಮ ಅಂತೀಯ" ಎಂದು ಅವ್ವ ನಕ್ಕಳು. ಶಾರದಳೂ ಬಾಗಿಲಲ್ಲಿ ನಿಂತು ನಕ್ಕಳು. ನಾನು ಗಂಭೀರವಾಗಿ, "ಹೇಳವ್ವ, ಟೇಪು ಓಡ್ತಾ ಐತೆ" ಎಂದೆ. ಅವ್ವನ ಕೈಯಲ್ಲಿದ್ದ ಬತ್ತಿ ಅರ್ಧಕ್ಕೆ ನಿಂತಿತು. ಟೇಪು ತಿರುಗುತ್ತಲೇ ಇತ್ತು. ಆಮೇಲೆ ಅವ್ವ, "ಯಾವುದು ಹೇಳ್ಲಿ?" ಎಂದು ಕೇಳಿದಳು.

"ಎಷ್ಟು ಅವೆ ನಿಂಗೆ?" ಎಂದು ನಾನು ತಮಾಷೆ ಮಾಡಿದೆ.

"ಎರಡು. ಈ ಮನೇಲಿ ಪಾರ್ವತಿ. ನಮ್ಮಪ್ಪ ಇಟ್ಟಿದ್ದು ಹೊನ್ನಮ್ಮ."

ನನಗೆ ನಲವತ್ತೈದು ವರ್ಷ ತುಂಬಿತ್ತು. ಶಾಲೆಗೆ ಸೇರಿದ ದಿನದಿಂದ ಎಷ್ಟು ಅರ್ಜಿಗಳಲ್ಲಿ ತಾಯಿಯ ಹೆಸರು ಪಾರ್ವತಮ್ಮ ಎಂದು ದುಂಡಗೆ ಬರೆದಿದ್ದೆನೋ. ನಾನು ಅಕ್ಷರ ಕೂಡಿಸಿ ಓದಿದ ಮೊದಲ ಪದವೇ ನಮ್ಮ ಬಚ್ಚಲಿನ ಹಂಡೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ 'ಪಾರ್ವತಿ'. ಅದರ ಅರ್ಕಾವೊತ್ತಿನಿಂದಾಗಿ ಅಪ್ಪನಿಂದ ಎರಡು ಏಟೂ ತಿಂದಿದ್ದೆ. ಆ ಪಾರ್ವತಿ ನನ್ನ ತಾಯಿಯಲ್ಲ, ನಾನು ಹುಟ್ಟುವ ಮೊದಲೇ ಸತ್ತ ದೊಡ್ಡಮ್ಮ, ಅವ್ವನ ಅಕ್ಕ ಎಂದು ಆ ಮಧ್ಯಾಹ್ನ ಗೊತ್ತಾಯಿತು.

ನಮ್ಮಪ್ಪನಿಗೆ ಮೊದಲು ಗೊತ್ತು ಮಾಡಿದ್ದು ಪಾರ್ವತಿಯನ್ನು. ಹುಳಿಯಾರಿನ ಕಡೆ ಒಂದು ಹಳ್ಳಿಯ ಹುಡುಗಿ. ಹೆಸರುಬಲ ಕೂಡಿಬಂದು, ವೀಳ್ಯದ ಶಾಸ್ತ್ರವಾಗಿ, ಅವ್ವನ ಅಪ್ಪ, ನಮ್ಮ ತಾತ, ಹಂಡೆ ಕೊಳಗ ತಟ್ಟೆ ತಂಬಿಗೆಗಳಿಗೆಲ್ಲ ಮಗಳ ಹೆಸರು ಕೊರೆಸಿ ತಂದಿಟ್ಟಿದ್ದರು. ಮದುವೆಗೆ ಇನ್ನೂ ತಿಂಗಳಿರುವಾಗ ಪಾರ್ವತಿಗೆ ಜ್ವರ ಬಂತು. ಎರಡು ವರ್ಷ ಚಿಕ್ಕವಳಾದ ಹೊನ್ನಮ್ಮ ಪಕ್ಕದಲ್ಲೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು. "ಹನ್ನೊಂದು ದಿನ ಇದ್ಲು. ಕೊನೇಲಿ ನನ್ನ ಗುರುತೂ ಸಿಗ್ಲಿಲ್ಲ. ಸೀರೆ ಎಲ್ಲಿ, ಸೀರೆ ಎಲ್ಲಿ ಅಂತಿದ್ಲು. ಮದುವೆ ಸೀರೆ ತಂದು ಹೊದ್ಸಿದೆ, ಸುಮ್ಕಾದ್ಲು." ಅವ್ವ ಇದನ್ನು ಹೇಳಿದ್ದು ಬತ್ತಿ ಹೊಸೆಯುತ್ತಲೇ.

ಆರು ತಿಂಗಳ ಮೇಲೆ ಹಿರಿಯರು ಕೂತು, ಸಂಬಂಧ ಮುರಿಯುವುದು ಬೇಡ, ಚಿಕ್ಕವಳನ್ನೇ ಕೊಡಿ ಎಂದರು. ಆದರೆ ಬಲ ಕೂಡಿದ್ದು ಪಾರ್ವತಿ ಎಂಬ ಹೆಸರಿಗೆ. ಹೊನ್ನಮ್ಮ ಎಂಬ ಹೆಸರಿಗೆ ಕೂಡಿಬರಲಿಲ್ಲ. ಶಾಸ್ತ್ರ ಹೇಳುವವರು, ಅದಕ್ಕೇನು, ಪರಿಹಾರ ಉಂಟು ಎಂದು ಹುಡುಗಿಯ ಹೆಸರನ್ನು ಬದಲಿಸಿದರು. ಪಾತ್ರೆಗಳ ಸಮಸ್ಯೆಯೂ ಅದರಲ್ಲೇ ಬಗೆಹರಿಯಿತು. ತಾತ ಮಗಳನ್ನು ಹತ್ತಿರ ಕೂರಿಸಿಕೊಂಡು, "ಹೆಸರು ಅಳ್ಸಕ್ಕೆ ಹೋದ್ರೆ ಪಾತ್ರೆ ತೂತು ಬೀಳ್ತದೆ ಮಗ" ಎಂದರಂತೆ. ಅಷ್ಟು ಹೇಳಿ ಎದ್ದು ಹಿತ್ತಿಲಿಗೆ ಹೋದರಂತೆ.

"ನಿನ್ನ ಹೆಸರು ಹೋಯ್ತಲ್ಲ ಅಂತ ಬೇಜಾರಾಗ್ಲಿಲ್ವಾ?" ಎಂದು ಕೇಳಿದೆ. ಇದು ನನ್ನ ನಲವತ್ತರಲ್ಲಿ ಇಲ್ಲದ ಪ್ರಶ್ನೆ.

"ಮದ್ಲು ಮದ್ಲು ಕರದ್ರೆ ತಿರುಗ್ತಾನೇ ಇರ್ಲಿಲ್ಲ. ಸೊಸೆ ಕಿವುಡಿ ಅಂತ ನಮ್ಮತ್ತೆ ಊರಿಗೆಲ್ಲ ಹೇಳಿದ್ರು. ಆಮೇಲೆ ಅಂದ್ಕೊಂಡೆ, ಬುಡು, ಮದುವೆ ಆಗ್ದೆ ಸತ್ತೋಳು, ಅವಳ ಹೆಸರು ಹೇಳೋರು ಯಾರವ್ರೆ? ಈ ಮನೇಲಾದ್ರೂ ದಿನಾ ಯಾರಾದ್ರೂ ಕರೀತಾರೆ. ಅವಳ ಬದ್ಲು ನಾನು ಓ ಅಂತೀನಿ." ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಂಡು ಹೇಳಿದಳು: "ನಿಮ್ಮಪ್ಪ ಮಾತ್ರ ಕರೀಲಿಲ್ಲ ಕಣಪ್ಪ. ಮದುವೆ ಆದ ಹೊಸದ್ರಲ್ಲಿ ನಿನ್ನ ನಿಜವಾದ ಹೆಸರೇನು ಅಂತ ಕೇಳಿದ್ರು. ಹೇಳ್ದೆ. ಹೂಂ ಅಂದ್ರು. ಅವತ್ತಿಂದ ಅದೂ ಇಲ್ಲ, ಇದೂ ಇಲ್ಲ. ಇಕಾ ಅಂತಿದ್ರು, ಅಷ್ಟೇಯ."

ಅಪ್ಪನ ಆ 'ಇಕಾ', ಇಲ್ಲಿ ನೋಡು ಎನ್ನುವ ಆ ಕೂಗು, ನನಗೆ ಚೆನ್ನಾಗಿ ಗೊತ್ತು. ಹಿಂದಿನ ಕಾಲದ ಗಂಡಸು, ಹೆಂಡತಿಯನ್ನು ಒಂದು ಹೆಸರಿಟ್ಟು ಕರೆಯುವಷ್ಟೂ ಮೃದುವಲ್ಲ ಎಂದು ನಾನು ಶಾರದಳ ಮುಂದೆ ಎಷ್ಟೋ ಸಲ ಆಡಿಕೊಂಡಿದ್ದೆ. ನಾನಾದರೋ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ವಿದ್ಯಾವಂತ ಎಂಬ ಜಂಬವೂ ಇತ್ತು. ಅಂದು ಶಾರದ ನನ್ನ ಮುಖ ನೋಡಿದಳು. ನಾನು ಕ್ಯಾಸೆಟ್ಟು ಸರಿಯಾಗಿ ತಿರುಗುತ್ತಿದೆಯೇ ಎಂದು ಬಗ್ಗಿ ನೋಡಿದೆ. ಉಳಿದ ಮೂವತ್ತೊಂಬತ್ತು ಪ್ರಶ್ನೆಗಳನ್ನು ಕೇಳಲಿಲ್ಲ.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಮೇಷ್ಟ್ರೇ ಅಲ್ಲ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದದೆ ನಮಗೆ ನಿದ್ದೆ ಬರುವುದಿಲ್ಲ. ಅವ್ವನಿಗೆ ಹೇಳದೆ ರೇಷನ್ ಕಾರ್ಡು ತೆಗೆದುಕೊಂಡು, ಅದರಲ್ಲಿ ಅವಳ ಹೆಸರನ್ನು ಹೊನ್ನಮ್ಮ ಎಂದು ತಿದ್ದಿಸಲು ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತರು ಒಳ್ಳೆಯವರು, ಕೂರಿಸಿ ಪೂರ್ತಿ ಕೇಳಿದರು. ಕೇಳಿ, "ಇವರು ಹೊನ್ನಮ್ಮ ಅನ್ನೋಕೆ ಏನಾದ್ರೂ ದಾಖಲೆ?" ಎಂದರು. ಇಲ್ಲ ಎಂದೆ. "ಹಂಗಾದ್ರೆ ಪಾರ್ವತಮ್ಮ ಯಾರು?" ಎಂದರು. ತೀರಿಕೊಂಡವರು ಎಂದೆ. "ಅವರ ಮರಣಪತ್ರ?" ಅರ್ಧ ಶತಮಾನದ ಹಿಂದೆ ಹಳ್ಳಿಯಲ್ಲಿ ಜ್ವರದಿಂದ ಸತ್ತ ಹುಡುಗಿಗೆ ಮರಣಪತ್ರ ಯಾರು ಬರೆದಾರು? ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ ಮೆಲ್ಲಗೆ ಹೇಳಿದರು: "ನೋಡಿ ಸಾರ್, ಕಾಗದದ ಪ್ರಕಾರ ಪಾರ್ವತಮ್ಮ ಬದುಕಿದ್ದಾರೆ, ಹೊನ್ನಮ್ಮ ಅನ್ನೋರು ಹುಟ್ಟೇ ಇಲ್ಲ. ನೀವು ಹುಟ್ಟದೇ ಇರೋರ ಮಗ ಆಗ್ತೀರಾ?" ನಾನು ಹಾಗೆಲ್ಲ ಆಗಲು ಇಷ್ಟಪಡದೆ ವಾಪಸು ಬಂದೆ.

ಸುದ್ದಿ ಅವ್ವನಿಗೆ ಮುಟ್ಟಿತು. ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ. "ಯಾರು ಕೇಳಿದ್ರು ನಿನ್ನ? ಇರೋದೊಂದು ಜಾಗ ಅವಳಿಗೆ. ಅದನ್ನೂ ಹೊಡೆದಾಕಕ್ಕೆ ಹೋಗಿದ್ಯಾ?" ಎಂದು ಅಂದು ಊಟ ಬಿಟ್ಟಳು. ನಾನು ಕ್ಷಮೆ ಕೇಳಲು ಹೋಗಿ, ಹೇಗೆ ಕೇಳಬೇಕೆಂದು ತಿಳಿಯದೆ, ಹತ್ತಿ ಬಿಡಿಸಿಕೊಡುತ್ತಾ ಕೂತೆ. ನಾನು ಬಿಡಿಸಿದ ಹತ್ತಿಯಲ್ಲೆಲ್ಲ ಬೀಜವಿತ್ತು. ಅವ್ವ ಅವನ್ನು ಒಂದೊಂದಾಗಿ ಆರಿಸಿ ತೆಗೆದು, ಕೊನೆಗೆ ಹೇಳಿದಳು: "ಏನಾದ್ರೂ ಮಾಡ್ಲೇಬೇಕು ಅಂತಿದ್ರೆ ಒಂದು ಕೆಲ್ಸ ಮಾಡು. ತಿಮ್ಮಿ ಅಂತ ಒಬ್ಳು ಅವ್ಳೆ. ಬದುಕವ್ಳೋ ಇಲ್ವೋ. ಅವಳ ತಾವ ಕರ್ಕೊಂಡು ಹೋಗು."

ತಿಮ್ಮಕ್ಕ ಹುಳಿಯಾರಿಗೆ ಈಚೆ ಒಂದು ಹಟ್ಟಿಯವಳು, ಕುರಿ ಸಾಕುವ ಮನೆತನ. ಗೊಬ್ಬರಕ್ಕೆಂದು ತಾತನ ಹೊಲದಲ್ಲಿ ಅವರ ಮಂದೆ ಬಂದು ತಂಗುತ್ತಿತ್ತು. ಹಾಗೆ ಅವ್ವ, ತಿಮ್ಮಕ್ಕ ಇಬ್ಬರೂ ಕೂಡಿ ಬೆಳೆದವರು. ಅವ್ವನ ತವರಿನಲ್ಲಿ ಹೆಸರು ಹಿಡಿದು ಕರೆಯುವ ಹಿರಿಯರೆಲ್ಲ ಹೋಗಿದ್ದರು. ಉಳಿದವರೆಲ್ಲ ಚಿಕ್ಕವರು, ಅಕ್ಕ, ಅತ್ತೆ ಎನ್ನುವವರು. ಹೊನ್ನಮ್ಮ ಎಂದು ಕರೆಯಬಲ್ಲವಳು ತಿಮ್ಮಕ್ಕ ಒಬ್ಬಳೇ.

ವಿಚಾರಿಸಿದೆ, ಇದ್ದಾಳೆಂದು ತಿಳಿಯಿತು. ದಸರಾ ರಜೆಯಲ್ಲಿ ತಿಪಟೂರಿಗೆ ಹೋಗಿ, ಅಲ್ಲಿಂದ ಹುಳಿಯಾರು ಬಸ್ಸು ಹಿಡಿದೆವು. ಟೇಪನ್ನು ಚೀಲದಲ್ಲಿಟ್ಟುಕೊಂಡಿದ್ದೆ. ಬಸ್ಸಿನಲ್ಲೇ ಅದನ್ನು ಕಂಡ ಅವ್ವ, "ಅಲ್ಲಿ ಆ ಪೆಟ್ಟಿಗೆ ತೆಗೀಬ್ಯಾಡ" ಎಂದಳು. ತೆಗೆಯಲಿಲ್ಲ. ಹಟ್ಟಿಯ ಹೊಂಗೆಮರದ ನೆರಳಲ್ಲಿ ಒಬ್ಬ ಮುದುಕಿ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ಎರಡು ಕಣ್ಣಿಗೂ ಪೊರೆ ಬಂದು ಮುಚ್ಚಿತ್ತು. ನಾನು ಪರಿಚಯ ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಹೋಗಿ ಪಕ್ಕದಲ್ಲಿ ಕೂತು, "ಏನೇ ತಿಮ್ಮಿ, ಇನ್ನೂ ಇದ್ದೀಯಾ?" ಎಂದಳು.

ಮುದುಕಿಯ ಕೈ ನಿಂತಿತು. ಮುಖವನ್ನು ಸ್ವಲ್ಪ ಓರೆ ಮಾಡಿ ಕಿವಿಗೊಟ್ಟಳು. "ಹೊನ್ನಿ" ಎಂದಳು. "ಎಲ್ಲೇ ಸತ್ತಿದ್ದೆ ಇಷ್ಟು ದಿನ?"

ಅವ್ವ ನಗಲು ಶುರು ಮಾಡಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವರಿಬ್ಬರಿಗೂ ನಾನು ಅಲ್ಲಿರುವುದು ಮರೆತುಹೋಯಿತು. ತಿಮ್ಮಕ್ಕನ ಸೊಸೆ ಕೊಟ್ಟ ಮಜ್ಜಿಗೆ ಕುಡಿದು ನಾನು ಹಟ್ಟಿಯ ಕುರಿಗಳನ್ನು ಎಣಿಸುತ್ತಾ ಕೂತೆ. ಅತ್ತೆ ಮನೆಯಲ್ಲಿ ಹೆಸರು ಬದಲಾದದ್ದು ತಿಮ್ಮಕ್ಕನಿಗೆ ಗೊತ್ತಿರಲಿಲ್ಲ, ಅವ್ವನೂ ಅಂದು ಹೇಳಲಿಲ್ಲ. ಹೊರಡುವಾಗ ತಿಮ್ಮಕ್ಕ ನನ್ನ ಕೈ ಹಿಡಿದು, "ನಂಗೆ ಕಾಣಾಕಿಲ್ಲ ಮಗ, ನಾ ಬರಕ್ಕಾಗಲ್ಲ. ನೀನೇ ಕರ್ಕೊಂಡು ಬಾ" ಎಂದಳು. ಬರುವ ತಿಂಗಳೇ ಬರುತ್ತೇವೆ ಎಂದೆ. ವಾಪಸು ಬರುವಾಗ ಅವ್ವ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ತಿಪಟೂರು ಹತ್ತಿರ ಬಂದಾಗ, "ಎಷ್ಟು ಸಲಿ ಕರದ್ಲು ಅಲ್ವೇನ್ಲಾ" ಎಂದಳು.

ಬರುವ ತಿಂಗಳು ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದಿತ್ತು. ಅದರ ಮುಂದಿನ ತಿಂಗಳು ಶಾಲಾ ವಾರ್ಷಿಕೋತ್ಸವ. ಆಮೇಲೆ ಕಾಯಿ ಕೀಳಿಸುವುದು, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ, ಶಾರದಳ ತಂಗಿಯ ಮದುವೆ. ಅವ್ವ ತಿಂಗಳಿಗೊಮ್ಮೆ, "ಬಸ್ಸು ಎಷ್ಟೊತ್ತಿಗೈತೆ?" ಎಂದು ಯಾರನ್ನೂ ಉದ್ದೇಶಿಸದೆ ಕೇಳುತ್ತಿದ್ದಳು. ಬರೋ ತಿಂಗಳು ಹೋಗಾಣ ಕಣವ್ವ ಎಂದು ನಾನು ಹೇಳುತ್ತಿದ್ದೆ. ನಮ್ಮ ಊರಿನಿಂದ ಆ ಹಟ್ಟಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಹಾಗೆ ಎರಡು ವರ್ಷ ಹೋದವು. ಒಂದು ಬೇಸಿಗೆಯ ಬೆಳಿಗ್ಗೆ ಅವ್ವ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆಯ ಪಕ್ಕದಲ್ಲೇ ಗೋಡೆಗೆ ಒರಗಿ ಕೂತವಳು ಏಳಲಿಲ್ಲ.

ತಿಥಿಯ ಕಾರ್ಡು ಹಾಕಿಸಲು ಪ್ರೆಸ್ಸಿಗೆ ಹೋದೆ. ಹೆಸರು ಹೇಳಿ ಎಂದರು. ಅವರು ಇನ್ನೊಮ್ಮೆ ಕೇಳಿದರು. ಹೊನ್ನಮ್ಮ ಎಂದು ಹಾಕಿಸಿದರೆ ಯಾರ ತಿಥಿ ಎಂದು ನೆಂಟರಿಗೆ ತಿಳಿಯುವುದಿಲ್ಲ. ಎರಡೂ ಹಾಕಿಸಿದರೆ ಮನೆಮನೆಗೂ ವಿವರಣೆ ಕೊಡಬೇಕು. ಪಾರ್ವತಮ್ಮ ಎಂದೇ ಹೇಳಿದೆ. ಹೆಸರು, ತಿಥಿಯ ದಿನ, ನಮ್ಮ ಮನೆಯ ವಿಳಾಸ, ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. ಕಚೇರಿಗೆ ಹೋಗಿ ವಾದ ಮಾಡಿ ಬಂದ ಶೂರ ನಾನೇ. ತಾತನಿಗಾದರೋ ಪಾತ್ರೆ ತೂತು ಬೀಳುವ ಭಯವಿತ್ತು, ನನಗೆ ಅದೂ ಇರಲಿಲ್ಲ. ಹಳೆಯ ವಿಳಾಸದ ಪಟ್ಟಿ ನೋಡಿ ಕಾರ್ಡುಗಳನ್ನು ಅಂಚೆಗೆ ಹಾಕಿದೆ. ಆ ಪಟ್ಟಿಯ ಕೊನೆಗೆ ನಾನೇ ಸೇರಿಸಿಕೊಂಡಿದ್ದ ತಿಮ್ಮಕ್ಕನ ಹಟ್ಟಿಗೂ ಒಂದು ಹೋಯಿತು. ತಿಥಿಗೆ ಆ ಕಡೆಯಿಂದ ಯಾರೂ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಮನಸ್ಸು ತಡೆಯದೆ ಒಬ್ಬನೇ ಹೋದೆ. ತಿಮ್ಮಕ್ಕ ಅದೇ ಹೊಂಗೆಮರದ ಕೆಳಗೆ ಕೂತಿದ್ದಳು. ದೂರದಿಂದಲೇ ನನ್ನನ್ನು ಕಂಡು, "ಯಾರಪ್ಪ ಅದು, ಕನ್ನಡಕದೋನು?" ಎಂದಳು. ಕಣ್ಣಿನ ಆಪರೇಷನ್ ಆಗಿತ್ತು. ದನಿ ಕೇಳಿ, ಹೊನ್ನಿಯ ಮಗ ಎಂದು ಗುರುತು ಹಿಡಿದು, ಹತ್ತಿರ ಕೂರಿಸಿಕೊಂಡಳು. ಕಾರ್ಡು ಬಂತೇ ಎಂದು ಕೇಳಿದೆ.

"ಬಂತು ಕಣಪ್ಪ, ನಮ್ಮ ಸೊಸೆ ಓದಿ ಹೇಳಿದ್ಲು. ಪಾರ್ವತಿ ಸತ್ತು ಎಷ್ಟು ಕಾಲ ಆಯ್ತು, ಈಗ ಅವಳ ತಿಥಿ ಮಾಡ್ಸವ್ರಲ್ಲ ಅಂತ ಯೋಚ್ನೆ ಮಾಡ್ದೆ. ಹೊನ್ನಿನೇ ಮಾಡ್ಸಿರ್ತಾಳೆ. ಮದುವೆ ಆಗ್ದೆ ಹೋದೋಳು, ಯಾರೂ ಎಡೆ ಇಡ್ಲಿಲ್ಲ ಅಂತ ಆವಾಗಿಂದ ಒದ್ದಾಡ್ತಿದ್ಲು. ಅಕ್ಕ ಅಂದ್ರೆ ಜೀವ ಅವಳಿಗೆ. ಪುಣ್ಯದ ಕೆಲ್ಸ ಮಾಡುದ್ರಿ ಬುಡು."

ನಾನು ಅಲ್ಲಿಗೆ ಹೋದದ್ದು ನಿಜ ಹೇಳಲೆಂದೇ. ಬಸ್ಸಿನಲ್ಲಿ ಇಡೀ ದಾರಿ ಮಾತು ಜೋಡಿಸಿಕೊಂಡು ಬಂದಿದ್ದೆ. ತಿಮ್ಮಕ್ಕ ನನ್ನ ಹಿಂದೆ ದಾರಿಯ ಕಡೆ ಎರಡು ಸಲ ನೋಡಿದಳು. "ಹೊನ್ನಿ ಎಲ್ಲಿ? ಹೆಂಗವ್ಳೆ?" ಎಂದು ಕೇಳಿದಳು.

"ಚೆನ್ನಾಗವ್ಳೆ" ಎಂದೆ. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಇದು ಇರಲಿಲ್ಲ.

"ಹಂಗಾದ್ರೆ ಕರ್ಕೊಂಡು ಯಾಕೆ ಬರ್ಲಿಲ್ಲ? ಆವತ್ತು ಬಂದಾಗ ಬರೀ ಮಾತು ಕೇಳ್ಸ್ಕೊಂಡೆ, ಮುಖ ನೋಡ್ಲಿಲ್ಲ. ಈಗ ದೇವ್ರು ಕಣ್ಣು ಕೊಟ್ಟವ್ನೆ. ಹೆತ್ತ ತಾಯಿನ ಒಂದು ಬಸ್ಸು ಹತ್ಸಕ್ಕೆ ನಿಂಗೆ ಪುರಸೊತ್ತಿಲ್ವಾ? ಅದೇನು ಮೇಷ್ಟ್ರುಗಿರಿನೋ ನಿಂದು, ಎರಡು ವರ್ಷದಿಂದ." ತಿಮ್ಮಕ್ಕ ಮೆತ್ತಗೆ ಬೈಯುವವಳಲ್ಲ. ಸೊಸೆ ಒಳಗಿನಿಂದ ಬಂದು ನಿಂತಳು. ಆಚೆಮನೆಯ ಇಬ್ಬರು ಹೆಂಗಸರೂ ಬಂದು ನಿಂತು, ಅಷ್ಟು ದೊಡ್ಡ ಮನುಷ್ಯ ಬೈಸಿಕೊಳ್ಳುವುದನ್ನು ನೋಡಿದರು.

ಸುಳ್ಳು ಹೇಳಿದ್ದಕ್ಕೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈದದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಬರೋ ತಿಂಗಳು ಕರ್ಕೊಂಡು ಬತ್ತೀನಿ" ಎಂದೆ. ಆ ಮಾತು ಆಡಿ ಆಡಿ ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ತಿಮ್ಮಕ್ಕ ಕೂಡಲೇ ನಂಬಿದಳು.